ಅರಮನೆ ಬಾಗಿಲಿಂದ ಚಿಕ್ಕ ಗಡಿಯಾರದವರೆಗೆ: ಗೈಡ್ ಜೊತೆ ಒಂದು ದಿನದ ಮೈಸೂರು

ಮೈಸೂರು ಅರಮನೆ ನೋಡದವರು ನಮ್ಮ ಕ್ಯಾಂಪಸ್ಸಿನಲ್ಲಿ ಸಿಗೋದು ಕಷ್ಟ. ಹೈಸ್ಕೂಲಿನ ಟ್ರಿಪ್ಪು, ನೆಂಟರ ಮದುವೆ, ದಸರಾ ರಜೆ, ಏನೋ ಒಂದು ನೆಪದಲ್ಲಿ ಎಲ್ಲರೂ ಒಮ್ಮೆ ಹೋಗಿ ಬಂದವರೇ. ಆದರೆ ಏನು ನೋಡಿದ್ರಿ ಅಂತ ಕೇಳಿ. ಚಪ್ಪಲಿ ಬಿಟ್ವಿ, ಸಾಲಲ್ಲಿ ನಡೆದ್ವಿ, ದೊಡ್ಡ ದೊಡ್ಡ ಕಂಬ ಇತ್ತು, ಹೊರಗೆ ಬಂದು ಫೋಟೋ ತೆಗೆಸ್ಕೊಂಡ್ವಿ. ಮುಕ್ಕಾಲು ಗಂಟೆಯಲ್ಲಿ ಅರಮನೆ ಮುಗೀತು.

ನಾವು ಇಲ್ಲಿ ಹೇಳೋದು ಇಷ್ಟೇ. ಡಿಗ್ರಿ ಮುಗಿಯೋದರೊಳಗೆ ಒಂದು ಭಾನುವಾರ, ಐದಾರು ಜನ ಸೇರಿ, ನಿಮಗಾಗಿಯೇ ಒಬ್ಬ ಗೈಡ್ ಮಾಡಿಕೊಂಡು ಮೈಸೂರನ್ನು ಇಡೀ ದಿನ ನೋಡಿ. ಅರಮನೆಯೊಳಗೆ ನೀವು ಕೇಳುವ ಪ್ರಶ್ನೆಗಳಿಗೆ ಅರ್ಧ ಉತ್ತರ ಮಾತ್ರ ಒಳಗಿದೆ. ಉಳಿದರ್ಧ ಊರಲ್ಲಿದೆ. ಆ ಊರಲ್ಲಿ, ಅರಮನೆಯಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲೇ, ನಾಳೆ ನಮ್ಮ ಟೇಬಲ್ಲಿಗೆ ಬರಬಹುದಾದ ಒಂದು ಪ್ರಶ್ನೆಯೂ ನಿಂತಿದೆ. ಅದರ ಬಗ್ಗೆ ಕೊನೆಗೆ ಹೇಳ್ತೀವಿ.

ನಿಮ್ಮದೇ ಗೈಡ್ ಯಾಕೆ?

ಮೈಸೂರು ನೋಡೋಕೆ ದಾರಿ ಹಲವು. ಟೂರ್ ಬಸ್ಸಿನಲ್ಲಿ ಹೋದರೆ ಒಂದೇ ದಿನದಲ್ಲಿ ಶ್ರೀರಂಗಪಟ್ಟಣದಿಂದ ಬೃಂದಾವನದವರೆಗೆ ಎಲ್ಲ ಆಗುತ್ತದೆ, ಆದರೆ ಎಲ್ಲ ಕಡೆಯೂ "ಅರ್ಧ ಗಂಟೇಲಿ ಬಸ್ ಹತ್ರ ಬನ್ನಿ" ಅನ್ನೋ ಕೂಗು. ಆಡಿಯೋ ಗೈಡ್ ಸಾಧನ ಕಿವಿಗೆ ಹಾಕಿಕೊಂಡರೆ ವಿವರ ಚೆನ್ನಾಗಿ ಸಿಗುತ್ತದೆ, ಆದರೆ ಅದಕ್ಕೆ ತಿರುಗಿ ಪ್ರಶ್ನೆ ಕೇಳೋ ಹಾಗಿಲ್ಲ. ಮೊಬೈಲಿನ ವೀಡಿಯೋದ್ದೂ ಅದೇ ಕಥೆ.

ನಮ್ಮ ಗುಂಪಿಗೆ ಮಾತ್ರ ಅಂತ ಗೊತ್ತು ಮಾಡಿಕೊಂಡ ಗೈಡ್ ನಾವು ನಿಂತಲ್ಲಿ ನಿಲ್ತಾರೆ. ಕಂಬದ ಬುಡದಲ್ಲಿ ಕೂತು ಬೋಲ್ಟ್ ನೋಡ್ತೀವಿ ಅಂದರೆ ಕಾಯ್ತಾರೆ. ಇಡೀ ದಿನದ ಖರ್ಚನ್ನು ಆರು ಜನ ಹಂಚಿಕೊಂಡರೆ ತಲೆಗೆ ಬೀಳೋದು ದುಬಾರಿ ಅನ್ನಿಸೋದಿಲ್ಲ. ಆರಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಏನೂ ಕೇಳಿಸೋದಿಲ್ಲ. ಇಡೀ ಕ್ಲಾಸ್ ಹೊರಟರೆ ಇಬ್ಬರು ಮೂವರು ಗೈಡ್ ಮಾಡಿಕೊಳ್ಳಿ.

ಗೈಡ್ ಮಾಡಿಕೊಳ್ಳುವಾಗ

ಪ್ರವಾಸೋದ್ಯಮ ಇಲಾಖೆಯ ಮಾನ್ಯತೆ ಇರುವ ಗೈಡ್‌ಗಳಿಗೆ ಗುರುತಿನ ಚೀಟಿ ಇರುತ್ತದೆ. ಅದನ್ನು ತೋರಿಸಿ ಅಂತ ಕೇಳೋದರಲ್ಲಿ ಮರ್ಯಾದೆಗೆಡೋದು ಏನೂ ಇಲ್ಲ. ಅರಮನೆ ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದ ಕಡೆಯಿಂದ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯೋ ಹೊತ್ತಿಗೆ ಅಲ್ಲಿದ್ದರೆ ಜನ ಕಡಿಮೆ, ಗೈಡ್‌ಗೂ ಪುರುಸೊತ್ತು ಇರುತ್ತದೆ.

ಹೊರಡುವ ಮುಂಚೆ ಐದು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಿ. ಎಷ್ಟು ಗಂಟೆ? ಎಷ್ಟು ದುಡ್ಡು, ತಲೆಗಾ ಗುಂಪಿಗಾ? ಟಿಕೆಟ್, ಆಟೋ, ಊಟ ಅದರಲ್ಲಿ ಸೇರಿದೆಯಾ? ಯಾವ ಯಾವ ಜಾಗ? ದಾರಿಯಲ್ಲಿ ಅಂಗಡಿಗೆ ಕರಕೊಂಡು ಹೋಗ್ತೀರಾ? ಕೊನೆಯದು ಮುಖ್ಯ. ರೇಷ್ಮೆ, ಗಂಧದೆಣ್ಣೆ, ಅಗರಬತ್ತಿ ಅಂಗಡಿಗಳಲ್ಲಿ ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡುವ ಪದ್ಧತಿ ಪ್ರವಾಸಿ ಊರುಗಳಲ್ಲೆಲ್ಲ ಇದೆ, ಮೈಸೂರೂ ಹೊರತಲ್ಲ. "ಇವತ್ತು ಮಾರ್ಕೆಟ್ಟು ರಜಾ, ಬೇರೆ ಸ್ಪೆಷಲ್ ಮಾರ್ಕೆಟ್ ಇದೆ ಬನ್ನಿ" ಅಂತ ರಸ್ತೆಯಲ್ಲಿ ಯಾರಾದರೂ ಅಂದರೆ ಕೈಮುಗಿದು ಮುಂದೆ ಹೋಗಿ. ಗೈಡ್ ಹತ್ರ ಮೊದಲೇ "ಸರ್, ನಮಗೆ ಶಾಪಿಂಗ್ ಬೇಡ, ಕಟ್ಟಡ ನೋಡಬೇಕು" ಅಂದುಬಿಟ್ಟರೆ ಒಳ್ಳೆಯವರು ಖುಷಿಯಿಂದಲೇ ಒಪ್ತಾರೆ.

ಹೇಳುವ ದರ ನ್ಯಾಯವಾಗಿದ್ದರೆ ತರಕಾರಿ ಕೊಂಡ ಹಾಗೆ ಚೌಕಾಸಿ ಮಾಡಬೇಡಿ. ಗೈಡ್‌ಗಳ ಸಂಪಾದನೆ ದಸರಾ, ಬೇಸಿಗೆ, ವರ್ಷದ ಕೊನೆಯ ರಜೆಗಳ ಮೇಲೆ ನಿಂತಿದೆ. ಮಳೆಗಾಲದ ಮಂಗಳವಾರ ಯಾರೂ ಸಂಬಳ ಕೊಡೋದಿಲ್ಲ.

ಇನ್ನೊಂದು ಮಾತು. ಟೂರ್ ಕನ್ನಡದಲ್ಲೇ ಇರಲಿ ಅಂತ ಕೇಳಿ. ಇಂಗ್ಲಿಷ್, ಹಿಂದಿ ವಿವರಣೆ ಬಹಳ ಸಲ ಹೇಳಿ ಹೇಳಿ ಬಾಯಿಪಾಠ ಆಗಿರುತ್ತದೆ. ಕನ್ನಡಕ್ಕೆ ತಿರುಗಿದ ಕೂಡಲೇ ಅದು ಮಾತುಕತೆ ಆಗುತ್ತದೆ. ತೊಟ್ಟಿ, ಗಾರೆ, ಜಂತೆ, ತೊಲೆ ಇಂಥ ಮಾತುಗಳು ಆಗ ತಾನಾಗಿಯೇ ಬರುತ್ತವೆ.

ಬೆಂಕಿಯಿಂದ ಶುರು ಮಾಡಿ

ಒಳಗೆ ಹೋದ ಮೇಲೆ ಮೊದಲ ಪ್ರಶ್ನೆ ಇದಾಗಲಿ: ಇದಕ್ಕೆ ಮುಂಚೆ ಇಲ್ಲಿ ಏನಿತ್ತು?

ಇಲ್ಲಿ ಮರದ ಅರಮನೆ ಇತ್ತು. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಅದು ಬೆಂಕಿಗೆ ಸಿಕ್ಕಿ ಹಾಳಾಯಿತು. ಆಗ ರಾಜ್ಯ ನೋಡಿಕೊಳ್ಳುತ್ತಿದ್ದವರು ರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು, ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಚಿಕ್ಕ ವಯಸ್ಸು. ಹೊಸ ಅರಮನೆಯ ವಿನ್ಯಾಸವನ್ನು ಅವರು ವಹಿಸಿದ್ದು ಹೆನ್ರಿ ಇರ್ವಿನ್‌ಗೆ. ಶಿಮ್ಲಾದ ವೈಸ್‌ರಾಯ್ ನಿವಾಸದ ವಾಸ್ತುಶಿಲ್ಪಿಯೂ ಇವರೇ. ಕೆಲಸ 1912ಕ್ಕೆ ಮುಗಿಯಿತು. ಖರ್ಚು ಸುಮಾರು 41 ಲಕ್ಷ 48 ಸಾವಿರ ರೂಪಾಯಿ.

ಈ ಬೆಂಕಿಯನ್ನು ತಲೆಯಲ್ಲಿಟ್ಟುಕೊಂಡು ಸುತ್ತ ನೋಡಿ. ಹೊರಗೋಡೆಗೆ ಬೂದು ಗ್ರಾನೈಟ್, ಮೇಲೆ ಗುಲಾಬಿ ಬಣ್ಣದ ಗುಮ್ಮಟಗಳು, 145 ಅಡಿ ಎತ್ತರದ ಗೋಪುರಕ್ಕೆ ಚಿನ್ನದ ಲೇಪದ ಗುಮ್ಮಟ. ಹಳೆಯ ಅರಮನೆಯಲ್ಲಿ ಮರ ಹೊತ್ತ ಭಾರವನ್ನು ಇಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಹೊತ್ತಿವೆ. ಮರ ಬಾಗಿಲಲ್ಲಿ, ಕೆತ್ತನೆಯಲ್ಲಿ ಉಳಿದುಕೊಂಡಿದೆ.

ಕಲ್ಯಾಣ ಮಂಟಪದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಎಂಟು ಮೂಲೆಯ ಹಜಾರ, ಗೊಂಚಲು ಗೊಂಚಲಾಗಿ ನಿಂತ ತೆಳ್ಳಗಿನ ಕಂಬಗಳು, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ. ಎಲ್ಲರೂ ತಲೆ ಎತ್ತಿ ನವಿಲು ನೋಡ್ತಾರೆ. ನೀವು ಕಂಬವನ್ನೂ ನೋಡಿ. ಅದು ಬೀಡು ಕಬ್ಬಿಣ, ನಮ್ಮ ಮೆಟೀರಿಯಲ್ ಸೈನ್ಸ್ ನೋಟ್ಸಿನ ಕಾಸ್ಟ್ ಐರನ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸ್ಯಾರಸನ್ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು. ಬೇರೆ ಖಂಡದಲ್ಲಿ ತುಂಡು ತುಂಡಾಗಿ ತಯಾರಾಗಿ, ಹಡಗಿನಲ್ಲಿ ಬಂದು, ಇಲ್ಲಿ ಜೋಡಣೆಯಾದ ಸಾಮಾನು. ಇವತ್ತು ನಾವು ಪ್ರೀಫ್ಯಾಬ್ ಅಂತ ಸೆಮಿನಾರ್ ಕೊಡ್ತೀವಲ್ಲ, ಆ ಪದ್ಧತಿ ಈ ಮಂಟಪದಲ್ಲಿ ನೂರು ವರ್ಷ ದಾಟಿ ನಿಂತಿದೆ.

ಯಾಕೆ ಕಂಬಕ್ಕೆ ಮಾತ್ರ ಬೀಡು ಕಬ್ಬಿಣ ಅಷ್ಟು ಒಪ್ಪುತ್ತದೆ? ಒತ್ತಡ ತಡೆಯೋದರಲ್ಲಿ ಅದು ಗಟ್ಟಿ, ಎಳೆತಕ್ಕೆ ಸಿಕ್ಕರೆ ಪಟ್ಟನೆ ಮುರಿಯುತ್ತದೆ. ಕಂಬ ಮುಖ್ಯವಾಗಿ ಹೊರೋದು ಒತ್ತಡ. ತೊಲೆ ಬಾಗುವಾಗ ಅದರ ಕೆಳಮೈಯಲ್ಲಿ ಎಳೆತ ಹುಟ್ಟುತ್ತದೆ. ಎರಡನೇ ಸೆಮ್‌ನಲ್ಲಿ ಬೋರ್ಡಿನ ಮೇಲೆ ಬರೆದ ಬೆಂಡಿಂಗ್ ಮೊಮೆಂಟ್ ಇಲ್ಲಿ ಬಣ್ಣ ಹಚ್ಚಿಕೊಂಡು ಎದುರಿಗೆ ನಿಂತಿರುತ್ತದೆ. ಎರಕದಲ್ಲಿ ಹೂ, ಬಳ್ಳಿ, ಎಲೆ ಏನು ಬೇಕಾದರೂ ಅಚ್ಚಿನಿಂದಲೇ ಬರುತ್ತದೆ. ಒಂದು ಅಚ್ಚು ಆಯಿತು ಅಂದರೆ ಅದೇ ಹೂವಿನ ಎಷ್ಟು ಕಂಬ ಬೇಕಾದರೂ ಹೊಯ್ಯಬಹುದು. ಅಲಂಕಾರ ಅಷ್ಟು ಧಾರಾಳವಾಗಿ ಇರೋದಕ್ಕೆ ಅದೂ ಒಂದು ಕಾರಣ.

ಗೈಡ್ ಮಾತಲ್ಲಿ ಕಥೆ ಎಷ್ಟು, ದಾಖಲೆ ಎಷ್ಟು?

ಮಂಟಪದ ಗೋಡೆ ಉದ್ದಕ್ಕೂ ದಸರಾ ಮೆರವಣಿಗೆಯ ದೊಡ್ಡ ತೈಲಚಿತ್ರಗಳಿವೆ. ಮೈಸೂರಿನ ಕಲಾವಿದರು ನಿಜವಾದ ಮೆರವಣಿಗೆಯ ಫೋಟೋಗಳನ್ನು ಇಟ್ಟುಕೊಂಡು ಬರೆದದ್ದು. ಇಲ್ಲಿ ಗೈಡ್‌ಗಳು ಒಂದು ಆಟ ತೋರಿಸ್ತಾರೆ. ಎಡಗಡೆಯಿಂದ ನೋಡಿ, ಬಲಗಡೆಗೆ ಬನ್ನಿ, ಚಿತ್ರದಲ್ಲಿರೋದು ನಿಮ್ಮ ಕಡೆಗೇ ತಿರುಗಿತು! ಚಿತ್ರಕಾರರ ಕೈಚಳಕ ದೊಡ್ಡದು, ಸಂಶಯ ಇಲ್ಲ. ಆದರೆ ಇದರಲ್ಲಿ ಮಾಯೆ ಇಲ್ಲ. ಚಪ್ಪಟೆ ಹಲಗೆಯ ಮೇಲಿನ ಚಿತ್ರದಲ್ಲಿ ನೆರಳು, ಆಳ ಒಂದೇ ಕೋನದಲ್ಲಿ ನಿಂತುಬಿಟ್ಟಿರುತ್ತದೆ. ನಿಜವಾದ ವಸ್ತು ಆಗಿದ್ದರೆ ನಾವು ಸರಿದ ಹಾಗೆ ಅದರ ಪಕ್ಕ ಕಾಣಬೇಕಿತ್ತು. ಕಾಣದೇ ಇದ್ದಾಗ, ಅದೇ ನಮ್ಮ ಜೊತೆ ತಿರುಗಿತು ಅಂತ ಮಿದುಳು ಲೆಕ್ಕ ಹಾಕುತ್ತದೆ. ನಿಮ್ಮ ಕಡೆ ನೇರವಾಗಿ ನೋಡುವ ಯಾವ ಭಾವಚಿತ್ರದಲ್ಲೂ ಇದನ್ನು ಪರೀಕ್ಷೆ ಮಾಡಬಹುದು.

ಇಂಥ ಆಟ, ಕಥೆ ಬೇಡ ಅಂತ ನಾವು ಹೇಳೋದಿಲ್ಲ. ಅಲಮೇಲಮ್ಮನ ಶಾಪದ ಕಥೆ ಕೇಳದೆ ಅರಮನೆಯಿಂದ ಹೊರಗೆ ಬಂದರೆ ಏನು ಚೆಂದ? ಆದರೆ ಒಳ್ಳೆಯ ಗೈಡ್ "ಇದು ಜನ ಹೇಳೋ ಮಾತು" ಮತ್ತು "ಇದು ದಾಖಲೆಯಲ್ಲಿ ಇರೋದು" ಅಂತ ಬೇರೆ ಮಾಡಿ ಹೇಳ್ತಾರೆ. ಹೇಳದಿದ್ದರೆ ನೀವೇ ಕೇಳಿ. ಪರೀಕ್ಷೆಗೆ ಒಂದು ಸುಲಭದ ಪ್ರಶ್ನೆಯೂ ಇದೆ. ಹತ್ತಿರದ ಜಗನ್ಮೋಹನ ಅರಮನೆಯಲ್ಲಿ ಕೈಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಪ್ರಸಿದ್ಧ ಚಿತ್ರ ಇದೆ. ಯಾರು ಬರೆದದ್ದು ಸರ್, ಅನ್ನಿ. ರವಿವರ್ಮ ಅಂತ ಬಹಳ ಜನ ತಿಳಿದಿದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ನಿಮ್ಮ ಗೈಡ್ ಹಲ್ದಂಕರ್ ಹೆಸರು ಹೇಳಿದರೆ ಆ ದಿನ ನಿಮಗೆ ಒಳ್ಳೆಯವರೇ ಸಿಕ್ಕಿದ್ದಾರೆ ಅಂತ ಲೆಕ್ಕ.

ದೀಪ ಎಲ್ಲಿಂದ ಬಂತು?

ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆ ಏಳರ ಹೊತ್ತಿಗೆ ಅರಮನೆಗೆ ದೀಪ ಹಾಕ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳು. ಒಂದೊಂದೂ 15 ವ್ಯಾಟ್ ಅಂತ ಇಟ್ಟುಕೊಂಡು ಗುಣಿಸಿ ನೋಡಿ, ಒಂದೂವರೆ ಮೆಗಾವ್ಯಾಟ್ ಆಗುತ್ತದೆ. ಸ್ವಿಚ್ ಒತ್ತಿದ ಕ್ಷಣ ಆ ಲೋಡು ಹೇಗೆ ಹಂಚಿಕೆ ಆಗುತ್ತದೆ ಅನ್ನೋದು ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ನಮ್ಮ ಕಡೆಯಿಂದ ಮನೆಗೆಲಸ.

ಅರಮನೆ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ ರಾಜ್ಯಕ್ಕೆ ಕರೆಂಟು ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಆ ಕಾಲಕ್ಕೆ ಜಗತ್ತಿನ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂತು. ಗಣಿಯ ಯಂತ್ರಕ್ಕೆ ಮೊದಲು, ಅರಮನೆಯ ಊರಿಗೆ ಆಮೇಲೆ. ದೀಪದ ಸಾಲು ನೋಡುವಾಗ ಈ ಕ್ರಮ ನೆನಪಿರಲಿ.

ಅರಮನೆ ಸುಟ್ಟ ಆ ವರ್ಷಗಳಲ್ಲೇ ಇನ್ನೊಂದು ಕಷ್ಟವೂ ಬಂದಿತ್ತು: ಪ್ಲೇಗು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆ ಮಾಡೋ ಕೆಲಸಕ್ಕೆ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಒಂದು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿ ಕಾಣುತ್ತದೆ, ಕನ್ಸರ್ವೆನ್ಸಿ ಅಂತಾರೆ. ಗಲೀಜು ಸಾಗಿಸೋಕೆ ಬಿಟ್ಟ ದಾರಿ. ಗೈಡ್‌ಗೆ ಒಂದನ್ನು ತೋರಿಸೋಕೆ ಹೇಳಿ. ಪೋಸ್ಟ್‌ಕಾರ್ಡಿನಲ್ಲಿ ಬರದ ಮೈಸೂರು ಅದು.

ಎರಡು ಗಡಿಯಾರ

ಮಧ್ಯಾಹ್ನ ಊಟಕ್ಕೆ ಮುಂಚೆ ಅರಮನೆಯ ಉತ್ತರಕ್ಕೆ ನಡೆಯಿರಿ. ಟೌನ್ ಹಾಲ್ ಹತ್ತಿರ ದೊಡ್ಡ ಗಡಿಯಾರ ಸಿಗುತ್ತದೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು, ಎತ್ತರ 75 ಅಡಿ. ಮುಖದ ಮೇಲಿನ ಅಂಕಿಗಳು ಕನ್ನಡದವು. ನಮ್ಮ ಸಂಘದವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದೆ ಬಂದರೆ ದಂಡ ಹಾಕಬೇಕು. ಇದರ ಗಂಟೆ ಮಾತ್ರ ನಿಂತುಹೋಗಿದೆ. ಭಾರದ ಗಂಟೆ ಹೊಡೆದಾಗಿನ ಕಂಪನದಿಂದ ಕಟ್ಟಡಕ್ಕೆ ಅಪಾಯ ಅಂತ ಅದನ್ನು ಸುಮ್ಮನಾಗಿಸಿದರು. ವೈಬ್ರೇಶನ್ ಪೇಪರ್ ಓದುತ್ತಿರುವವರು ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಲಿ.

ಅಲ್ಲಿಂದ ಕೆ. ಆರ್. ಸರ್ಕಲ್ ದಾಟಿ ಸ್ವಲ್ಪ ದೂರಕ್ಕೆ ದೇವರಾಜ ಮಾರುಕಟ್ಟೆ. ಅದರ ಎದುರಿಗೆ ಚಿಕ್ಕ ಗಡಿಯಾರ, 1886ರ ಡಫರಿನ್ ಸ್ಮಾರಕ. ಹೂವಿನ ಸಾಲು, ಬಾಳೆಹಣ್ಣಿನ ಗೊನೆ, ಕುಂಕುಮದ ಗುಡ್ಡೆ, ವೀಳ್ಯದೆಲೆ ಎಲ್ಲ ಒಂದು ಸುತ್ತು ನೋಡಿ. ಆಮೇಲೆ ತಲೆ ಎತ್ತಿ ಮೇಲೆ ನೋಡಿ.

ಕೆಡವೋದಾ, ಉಳಿಸೋದಾ?

ಮೊದಲು ಹೇಳಿದ ಪ್ರಶ್ನೆ ಇರೋದು ಇಲ್ಲೇ. ಚಿಕ್ಕ ಗಡಿಯಾರದ ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡ 1892ರಲ್ಲಿ ವೈಸ್‌ರಾಯ್ ಭೇಟಿಯ ನೆನಪಿಗೆ ಕಟ್ಟಿದ್ದು. ಒಂದು ಕಾಲಕ್ಕೆ ಹಳೆ ಪುಸ್ತಕ ಹುಡುಕುವ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದ ಜಾಗ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಆದ ಮೇಲೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು.

ಈ ಕಾಲದ ಕಟ್ಟಡಗಳ ಚಾವಣಿ ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಜಂತೆ, ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸೋದು, ಮೇಲೆ ಗಾರೆಯ ಪದರ. ಕಬ್ಬಿಣ, ಸಿಮೆಂಟು ಬೇಡದ ಚೊಕ್ಕ ವಿಧಾನ. ನೀರು ಒಳಗೆ ಇಳಿಯದಿದ್ದರೆ ನೂರು ವರ್ಷ ಬಾಳುತ್ತದೆ. ಆದರೆ ಗಾರೆ ಬಿರುಕು ಬಿಟ್ಟು ಮಳೆ ನೀರು ಇಳಿಯೋಕೆ ಶುರುವಾಯಿತೋ, ಗೋಡೆಯೊಳಗೆ ಸಿಕ್ಕಿರುವ ತೊಲೆಯ ತುದಿ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. ಗೋಡೆಯ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಇನ್ನೂ ಬೇಗ. ಕೆಳಗಿನಿಂದ ನೋಡಿದರೆ ಸುಣ್ಣ ಬಳಿದ ಚಾವಣಿ ನೆಟ್ಟಗೇ ಕಾಣುತ್ತದೆ. ಎರಡೂ ಕುಸಿತ ಮಳೆಗಾಲದಲ್ಲೇ ಆದದ್ದನ್ನು ಗಮನಿಸಿ.

ಆಮೇಲೆ ನಡೆದದ್ದು ದೊಡ್ಡ ವಾದ. ಈ ಕಟ್ಟಡಗಳು ಸುರಕ್ಷಿತವಲ್ಲ, ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟೋಣ ಅಂತ ಒಂದು ಕಡೆಯ ತಜ್ಞರ ವರದಿ. ಸುಣ್ಣ, ಮರ, ಇಟ್ಟಿಗೆ ಗೊತ್ತಿರುವ ಕೈಗಳಿಂದ ದುರಸ್ತಿ ಮಾಡಬಹುದು, ಕೆಡವಿ ಕಟ್ಟಿದರೆ ಅದು ಪ್ರತಿಮೆ ಅಷ್ಟೇ ಅಂತ ಪರಂಪರೆಯ ಪರವಾದವರ ಮಾತು. ನಡುವೆ ಅಲ್ಲೇ ಅಂಗಡಿ ಇಟ್ಟು ಬದುಕುವವರ ಆತಂಕ. ವಿಷಯ ಹೈಕೋರ್ಟಿನವರೆಗೂ ಹೋಯಿತು.

ಇಬ್ಬರ ಮಾತಲ್ಲೂ ತೂಕ ಇದೆ. ಸತ್ತ ನಾಲ್ವರ ಲೆಕ್ಕ ಬಿಟ್ಟು ಪರಂಪರೆ ಮಾತಾಡೋದು ತಪ್ಪು. ಹಾಗೆಯೇ, ವರ್ಷಕ್ಕೊಮ್ಮೆ ತಾರಸಿ ಹತ್ತಿ ಗಿಡ ಕಿತ್ತು ಬಿರುಕು ಮುಚ್ಚದೆ, ಕೊನೆಗೆ ಕಟ್ಟಡದ ಆಯಸ್ಸೇ ಮುಗೀತು ಅನ್ನೋದೂ ಸರಿ ಅಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಒಂದು ಹಳೆಯ ಕಟ್ಟಡವನ್ನು ಕೆಡವಿ ಅಂತ ಸಹಿ ಹಾಕುವ ಮುಂಚೆ, ಅದು ಹೇಗೆ ನಿಂತಿದೆ ಅನ್ನೋದು ಸಹಿ ಹಾಕುವವರಿಗೆ ಗೊತ್ತಿರಬೇಕು. ಆ ಸಹಿ ಹಾಕುವವರು ಇನ್ನು ಹತ್ತು ಹದಿನೈದು ವರ್ಷಕ್ಕೆ ನಾವೇ. ನಮ್ಮ ಸಿವಿಲ್ ಕೋರ್ಸಿನಲ್ಲಿ ಆರ್‌ಸಿಸಿ ಸ್ಲ್ಯಾಬಿಗೆ ಇರುವಷ್ಟು ಜಾಗದಲ್ಲಿ ಸುಣ್ಣದ ಗಾರೆಗೆ ಕಾಲು ಭಾಗವೂ ಇಲ್ಲ. ಆ ಕೊರತೆಯನ್ನು ಅಲ್ಪಸ್ವಲ್ಪ ತುಂಬಿಕೊಳ್ಳೋಕೆ ಈ ಬೀದಿ ಒಂದು ಲ್ಯಾಬು. ಇಲ್ಲಿ ದಿನಾ ಓಡಾಡುವ ಗೈಡ್‌ಗೆ ಯಾವ ಬಿರುಕು ಯಾವಾಗಿಂದ ಇದೆ, ಎಲ್ಲಿ ನೀರು ನಿಲ್ಲುತ್ತದೆ, ಯಾವ ಅಂಗಡಿ ಎಂದು ಮುಚ್ಚಿತು ಅನ್ನೋದು ನೆನಪಿರುತ್ತದೆ. ಯಾರೂ ಕೇಳೋದಿಲ್ಲ, ಅದಕ್ಕೆ ಅವರು ಹೇಳೋದಿಲ್ಲ. ನೀವು ಕೇಳಿ.

ದಿನದ ಕೊನೆ

ಸಂಜೆ ನಾಲ್ಕರ ಹೊತ್ತಿಗೆ ಚಾಮುಂಡಿ ಬೆಟ್ಟಕ್ಕೆ ಹೊರಡಿ. ಕಾಲಲ್ಲಿ ಶಕ್ತಿ ಇದ್ದರೆ ಸುಮಾರು ಸಾವಿರ ಮೆಟ್ಟಿಲು, ಇಲ್ಲದಿದ್ದರೆ ಸಿಟಿ ಬಸ್ಸು. ಬೆಟ್ಟದ ಮೇಲಿನಿಂದ ಊರು ನಕ್ಷೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆಯಿಂದ ನಡೆದ ದಾರಿಯನ್ನು ಬೆರಳಿಟ್ಟು ತೋರಿಸೋಕೆ ಗೈಡ್‌ಗೆ ಹೇಳಿ. ಅರಮನೆ, ಅದರಿಂದ ಹೊರಟ ಅಗಲ ರಸ್ತೆಗಳು, ಬಡಾವಣೆಗಳು ಎಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಅಂತ ಆಗ ತಿಳಿಯುತ್ತದೆ. ಏಳಕ್ಕೆ ಇಳಿದು ಬಂದರೆ ದೀಪ.

ಗೈಡ್‌ಗೆ ಒಪ್ಪಿದ ದುಡ್ಡು ಕೊಟ್ಟು, ಚೆನ್ನಾಗಿ ಹೇಳಿದ್ದರೆ ಸ್ವಲ್ಪ ಮೇಲೆ ಸೇರಿಸಿ ಕೊಟ್ಟು, ಅವರ ನಂಬರ್ ನಿಮ್ಮ ಜೂನಿಯರ್‌ಗಳಿಗೂ ದಾಟಿಸಿ. ವಾಪಸ್ ಬಂದ ಮೇಲೆ ನಿಮ್ಮೂರಿನಲ್ಲಿ ಇನ್ನೂ ಉಳಿದಿರುವ ಮದ್ರಾಸ್ ತಾರಸಿಯ ಒಂದು ಮನೆಯೋ, ಶಾಲೆಯೋ, ಹಳೆ ಕಚೇರಿಯೋ ಹುಡುಕಿ, ಅದರ ಫೋಟೋ ಮತ್ತು ನಾಲ್ಕು ಸಾಲಿನ ವಿವರ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೆಲ್ಲ ಒಟ್ಟಿಗೆ ಹಾಕ್ತೀವಿ.